ಎಂಬತ್ತೈದು ದಾಟಿದವರ ಸೊಂಟದ ಕೀಲು ಮತ್ತೆ ಕೆಟ್ಟರೆ: ಮರು ಆಪರೇಷನ್ನೋ, ಸಣ್ಣ ರಿಪೇರಿಯೋ, ಸುಮ್ಮನಿರುವುದೋ?

ನನ್ನ ಸೋದರತ್ತೆಗೆ 87 ವರ್ಷ. ಹನ್ನೆರಡು ವರ್ಷದ ಹಿಂದೆ ಬಲಗಡೆ ಸೊಂಟದ ಕೀಲು ಬದಲಾಯಿಸಿಕೊಂಡಿದ್ದರು. ಹೋದ ಮಳೆಗಾಲದಲ್ಲಿ ಬಚ್ಚಲ ಹೊಸಿಲು ಎಡವಿ ಬಿದ್ದರು. ಒಳಗಿನ ಲೋಹದ ಕಡ್ಡಿಯ ಸುತ್ತಲಿನ ಮೂಳೆ ಸೀಳಿತ್ತು. ಡಾಕ್ಟರು ಎರಡು ದಾರಿ ಹೇಳಿ, "ಮನೆಯವರೆಲ್ಲ ಮಾತಾಡಿಕೊಂಡು ಸಂಜೆಯೊಳಗೆ ಹೇಳಿ" ಅಂದರು. ನಾವಿದ್ದದ್ದು ಐದು ಜನ, ಅಭಿಪ್ರಾಯ ಆರು. "ಈ ವಯಸ್ಸಲ್ಲಿ ಇನ್ನೊಂದು ಆಪರೇಷನ್ ಬೇಡವೇ ಬೇಡ" ಅಂತ ಚಿಕ್ಕಪ್ಪ. "ದೊಡ್ಡದನ್ನೇ ಮಾಡಿಸಿಬಿಡಿ, ಮತ್ತೆ ಮತ್ತೆ ಯಾಕೆ" ಅಂತ ಫೋನಿನಲ್ಲಿ ಭಾವ. ಪಕ್ಕದ ಮನೆಯವರು ಪುತ್ತೂರು ಕಟ್ಟಿನ ವಿಳಾಸ ಬರೆದುಕೊಟ್ಟರು. ಅತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಬಚ್ಚಲಿಗೆ ನಾನೇ ಎದ್ದು ಹೋಗೋ ಹಾಗೆ ಮಾಡಿಸ್ರಪ್ಪಾ, ಸಾಕು."

ನಾನು ಡಾಕ್ಟರಲ್ಲ. ಆ ದಿನದಿಂದ ಮೂರು ಆಸ್ಪತ್ರೆ ಸುತ್ತಿ, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಗೊತ್ತಾದ ದೊಡ್ಡ ವಿಷಯ ಇದು: ತುಂಬಾ ವಯಸ್ಸಾದವರಲ್ಲಿ "ಯಾವ ಆಪರೇಷನ್ ಒಳ್ಳೆಯದು" ಅನ್ನುವುದು ಎರಡನೇ ಪ್ರಶ್ನೆ. ಕೀಲು ಕೆಟ್ಟಿದ್ದು ಯಾಕೆ ಅನ್ನುವುದು ಮೊದಲನೆಯದು. ಕೆಲವು ಕಾರಣಗಳು ಯೋಚಿಸಲು ತಿಂಗಳುಗಟ್ಟಲೆ ಸಮಯ ಕೊಡುತ್ತವೆ. ಕೆಲವು ಎರಡು ದಿನವೂ ಕೊಡುವುದಿಲ್ಲ.

ಒಳಗೆ ಇರುವುದು ಅರ್ಧ ಕೀಲೋ, ಪೂರ್ತಿ ಕೀಲೋ?

ನಮ್ಮ ಕಡೆ "ಬಾಲ್ ಹಾಕಿಸಿದೀವಿ" ಅಂತ ಹೇಳಿ ಮುಗಿಸುತ್ತೇವೆ. ಅದರಲ್ಲಿ ಎರಡು ಬಗೆ ಇದೆ. ಬಿದ್ದು ಮೂಳೆ ಮುರಿದುಕೊಂಡ ಹಿರಿಯರಿಗೆ ಹೆಚ್ಚಾಗಿ ಅರ್ಧ ಕೀಲು ಹಾಕಿರುತ್ತಾರೆ. ತೊಡೆಮೂಳೆಯೊಳಗೆ ಇಳಿಸಿದ ಕಡ್ಡಿ, ಅದರ ತುದಿಯ ಗುಂಡು ಹೊಸದು, ಗುಂಡು ಕೂರುವ ಬಟ್ಟಲು ಅವರದೇ. ಬೈಪೋಲಾರ್, ಹಳೆಯ ಆಸ್ಟಿನ್ ಮೂರ್ ಎಲ್ಲಾ ಈ ಗುಂಪಿಗೆ ಸೇರಿದವು. ಗುಂಡು, ಬಟ್ಟಲು ಎರಡನ್ನೂ ಬದಲಾಯಿಸಿದರೆ ಪೂರ್ತಿ ಕೀಲು. 1962ರಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಉಕ್ಕಿನ ಗುಂಡು, ಗಟ್ಟಿ ಪ್ಲಾಸ್ಟಿಕ್ ಬಟ್ಟಲು, ಮೂಳೆಗೆ ಹಿಡಿಸಲು ಸಿಮೆಂಟ್ ಅಂತ ಕೂಡಿಸಿದ್ದು ಈ ಎರಡನೇ ಬಗೆ.

ಇದು ಯಾಕೆ ಮುಖ್ಯ ಅಂದರೆ, ಅರ್ಧ ಕೀಲಿನವರಿಗೆ ಹತ್ತು ವರ್ಷದ ಮೇಲೆ ತೊಡೆಸಂದಿನಲ್ಲಿ ನೋವು ಬಂದರೆ ಕಡ್ಡಿ ಕೆಟ್ಟಿರಲೇಬೇಕು ಅಂತಿಲ್ಲ. ಲೋಹದ ಗುಂಡು ಅವರ ಸ್ವಂತ ಬಟ್ಟಲನ್ನು ಸವೆಸಿರಬಹುದು. ಬೈಪೋಲಾರ್ ಆದರೆ ಸಾಮಾನ್ಯವಾಗಿ ಗುಂಡನ್ನು ಮಾತ್ರ ಬಿಚ್ಚಿ, ಹೊಸ ಬಟ್ಟಲು ಕೂರಿಸಿ, ಕಡ್ಡಿಯನ್ನು ಹಾಗೇ ಬಿಡುವ ಅವಕಾಶ ಇರುತ್ತದೆ. ಆಸ್ಟಿನ್ ಮೂರ್ ಮಾತ್ರ ಗುಂಡು, ಕಡ್ಡಿ ಸೇರಿ ಒಂದೇ ತುಂಡು. ಅದರ ಕಡ್ಡಿಯಲ್ಲಿ ತೂತುಗಳಿದ್ದು, ಅವುಗಳೊಳಗೆ ಮೂಳೆ ಬೆಳೆದಿರುತ್ತದೆ. ತೆಗೆಯುವುದು ಕಷ್ಟ. ಅಂದರೆ ಅಗ್ಗದ ಹಳೆಯ ಕೀಲಿಗೇ ಮರು ಆಪರೇಷನ್ ದೊಡ್ಡದಾಗಿಬಿಡಬಹುದು.

ಒಂದು ಸಮಾಧಾನದ ಅಂಕಿ ಹೇಳುತ್ತೇನೆ. ಬ್ರಿಟನ್ನಿನ ರೋಗಿಗಳ ದಾಖಲೆ ನೋಡಿ 2017ರಲ್ಲಿ ಲೆಕ್ಕ ಹಾಕಿದ್ದರು. 70 ದಾಟಿದ ಮೇಲೆ ಕೀಲು ಬದಲಾಯಿಸಿಕೊಂಡವರಲ್ಲಿ ಉಳಿದ ಜೀವಮಾನದಲ್ಲಿ ಮರು ಆಪರೇಷನ್ ಬೇಕಾಗುವ ಸಂಭವ ಸುಮಾರು ನೂರಕ್ಕೆ ಐದು. ಹೆಚ್ಚಿನವರು ಈ ಲೇಖನ ಓದುವ ಗೋಜಿಗೇ ಬರುವುದಿಲ್ಲ.

ವಯಸ್ಸು ನೋಡಬೇಡಿ, ತ್ರಾಣ ನೋಡಿ

ಬ್ರಿಟನ್ನಿನ ರಾಣಿ ಎಲಿಜಬೆತ್ತರ ತಾಯಿ 1995ರಲ್ಲಿ, ತಮ್ಮ 95ನೇ ವಯಸ್ಸಿನಲ್ಲಿ ಒಂದು ಸೊಂಟದ ಕೀಲು ಬದಲಾಯಿಸಿಕೊಂಡರು. 1998ರಲ್ಲಿ ಬಿದ್ದು ಇನ್ನೊಂದನ್ನೂ. ಬದುಕಿದ್ದು 101 ವರ್ಷ. ರಾಜಕುಮಾರ ಫಿಲಿಪ್ 2018ರಲ್ಲಿ 96ನೇ ವಯಸ್ಸಿಗೆ ಮಾಡಿಸಿಕೊಂಡರು. ಅವರಿಗೆ ಅರಮನೆ ತುಂಬ ಆಳುಕಾಳು, ನಿಜ. ಅವೂ ಮೊದಲ ಸಲದ ಆಪರೇಷನ್ನುಗಳೇ, ಮರು ಆಪರೇಷನ್ ಅದಕ್ಕಿಂತ ಭಾರ. ಆದರೂ ವಯಸ್ಸೊಂದೇ ತಡೆಯಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಡಾಕ್ಟರುಗಳು ಈಗ ತ್ರಾಣವನ್ನು ಅಳೆಯಲು 1ರಿಂದ 9ರವರೆಗಿನ ಒಂದು ಮಾಪಕ ಬಳಸುತ್ತಾರೆ. ಕೆನಡಾದಲ್ಲಿ ರೂಪಿಸಿದ್ದು. 1 ಅಂದರೆ ಗಟ್ಟಿಮುಟ್ಟು, 8 ಅಂದರೆ ಪೂರ್ತಿ ಇನ್ನೊಬ್ಬರ ಮೇಲೆ ಅವಲಂಬನೆ, 9 ಅಂದರೆ ಕೊನೆಗಾಲ. ಇಲ್ಲಿ ನೆನಪಿಡಬೇಕಾದ ಒಂದು ಸೂಕ್ಷ್ಮ ಇದೆ. ಅಳೆಯಬೇಕಾದ್ದು ಆಸ್ಪತ್ರೆಯ ಮಂಚದ ಮೇಲಿನ ಸ್ಥಿತಿಯನ್ನಲ್ಲ, ಕಾಯಿಲೆ ಬೀಳುವುದಕ್ಕೆ ಎರಡು ವಾರ ಹಿಂದಿನ ಸ್ಥಿತಿಯನ್ನು. ಬಿದ್ದು ನರಳುತ್ತಿರುವ ಯಾರನ್ನು ನೋಡಿದರೂ "ಇವರ ಕೈಲಾಗಲ್ಲ" ಅನ್ನಿಸುತ್ತದೆ. ಅತ್ತೆ ಎರಡು ವಾರದ ಹಿಂದೆ ತಾವೇ ಕಾಫಿ ಕಾಸಿಕೊಂಡು, ತುಳಸಿಗೆ ನೀರು ಹಾಕುತ್ತಿದ್ದರು. ಅದನ್ನು ನಾವೇ ಡಾಕ್ಟರಿಗೆ ಹೇಳಬೇಕಾಯಿತು. ಡ್ಯೂಟಿ ಡಾಕ್ಟರು "ಹಾಸಿಗೆ ಹಿಡಿದವರು" ಅಂತ ಬರೆದುಕೊಂಡಿದ್ದರು.

ಕಾರಣ ಒಂದು: ಕಡ್ಡಿಯ ಸುತ್ತ ಮೂಳೆ ಮುರಿದರೆ

ಇದು ಸಮಯ ಕೊಡದ ಕಾರಣ. ಡಾಕ್ಟರು ಎಕ್ಸ್‌ರೇ ಹಿಡಿದು "ವ್ಯಾಂಕೂವರ್ ಬಿ 2" ಅಂದರೆ ಗಾಬರಿ ಆಗಬೇಡಿ. ಕೆನಡಾದ ಆ ಊರಿನ ಇಬ್ಬರು ಸರ್ಜನ್‌ಗಳು 1995ರಲ್ಲಿ ಮಾಡಿದ ವಿಂಗಡಣೆ ಅದು. ಎ ಅಂದರೆ ಮೇಲ್ತುದಿಯ ಉಬ್ಬಿನಲ್ಲಿ ಬಿರುಕು, ಎಷ್ಟೋ ಸಲ ಆಪರೇಷನ್ ಬೇಕಾಗುವುದಿಲ್ಲ. ಸಿ ಅಂದರೆ ಕಡ್ಡಿಗಿಂತ ಕೆಳಗೆ ಮುರಿದಿದೆ, ಕೀಲಿನ ತಂಟೆಗೆ ಹೋಗದೆ ಪ್ಲೇಟ್ ಹಾಕಬಹುದು. ನಡುವಿನ ಬಿಯಲ್ಲೇ ತಲೆಬಿಸಿ ಇರುವುದು. ಬಿ 1 ಅಂದರೆ ಕಡ್ಡಿ ಇನ್ನೂ ಗಟ್ಟಿ. ಬಿ 2 ಅಂದರೆ ಕಡ್ಡಿ ಸಡಿಲ, ಮೂಳೆ ಪರವಾಗಿಲ್ಲ. ಬಿ 3 ಅಂದರೆ ಕಡ್ಡಿಯೂ ಸಡಿಲ, ಮೂಳೆಯೂ ಟೊಳ್ಳು.

ಬಿ 1ಕ್ಕೆ ಪ್ಲೇಟ್, ತಂತಿ ಹಾಕಿ ಬಿಗಿಯುತ್ತಾರೆ. ಬಿ 2, ಬಿ 3ಕ್ಕೆ ಪುಸ್ತಕದ ಉತ್ತರ ಅಂದರೆ ಹಳೆಯ ಕಡ್ಡಿ ತೆಗೆದು, ಕೆಳಗಿನ ಗಟ್ಟಿ ಮೂಳೆಯನ್ನು ಹಿಡಿಯುವ ಉದ್ದ ಕಡ್ಡಿ ಹಾಕುವುದು. ಆದರೆ ತುಂಬಾ ವಯಸ್ಸಾದವರಲ್ಲಿ ಬಿ 2ಕ್ಕೂ ಬರೀ ಪ್ಲೇಟ್ ಹಾಕಿ ಮುಗಿಸುವ ದಾರಿಯೊಂದಿದೆ. ನಮ್ಮ ಮುಂದೆ ಇಟ್ಟಿದ್ದು ಇವೆರಡನ್ನೇ.

ಪ್ಲೇಟಿನ ಪರವಾಗಿ ಹೇಳಬೇಕಾದ್ದು ಜಾಸ್ತಿ ಇದೆ. ಆಪರೇಷನ್ ಚಿಕ್ಕದು, ರಕ್ತ ಹೋಗುವುದು ಕಡಿಮೆ, ಇಂಪ್ಲಾಂಟಿನ ಖರ್ಚೂ ಕಡಿಮೆ. ಸಿಮೆಂಟಿನಲ್ಲಿ ಕೂರಿಸಿದ ನುಣುಪು ಕಡ್ಡಿಯಾಗಿದ್ದು, ಒಡೆದ ಚೂರುಗಳು ಮತ್ತೆ ಸರಿಯಾಗಿ ಕೂಡುವಂತಿದ್ದರೆ ಫಲವೂ ಚೆನ್ನಾಗಿರುತ್ತದೆ. ಹೃದಯ ದುರ್ಬಲ ಇದ್ದವರಿಗೆ ನಾನಾದರೆ ಇದನ್ನೇ ಕೇಳುತ್ತೇನೆ. ತೊಂದರೆ ಬರುವುದು ಆಮೇಲೆ. ಪ್ಲೇಟ್ ಹಾಕಿದ ಮೇಲೆ ಎಷ್ಟೋ ಸಲ ಆರು ವಾರ ಪೂರ್ತಿ ಭಾರ ಬಿಡಬಾರದು ಅನ್ನುತ್ತಾರೆ. "ಕಾಲು ನೆಲಕ್ಕೆ ತಾಗಿಸಿ, ಭಾರ ಬಿಡಬೇಡಿ" ಅಂತ ಹೇಳುವುದು ಸುಲಭ. ಮಾಡಬೇಕಾದರೆ ತೋಳಲ್ಲಿ ಕಸು ಬೇಕು, ಹೇಳಿದ್ದು ನೆನಪಲ್ಲಿ ಉಳಿಯಬೇಕು. ಎಂಬತ್ತೇಳಕ್ಕೆ ಎರಡೂ ಕಷ್ಟ. ಆಗ ಅವರು ಮಂಚದಲ್ಲೇ ಉಳಿಯುತ್ತಾರೆ. ಆರು ವಾರ ಮಂಚದಲ್ಲಿ ಉಳಿದ ಕಾಲಿನ ಶಕ್ತಿ ಈ ವಯಸ್ಸಿನಲ್ಲಿ ಸುಲಭಕ್ಕೆ ವಾಪಸ್ ಬರುವುದಿಲ್ಲ.

ಉದ್ದ ಕಡ್ಡಿಯದು ತಿರುಗುಮುರುಗು ಲೆಕ್ಕ. ಆಪರೇಷನ್ ಎರಡು ಮೂರು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ. ರಕ್ತ ಕೊಡಬೇಕಾಗಬಹುದು. ಒಂದೆರಡು ದಿನ ಐಸಿಯು. ಆದರೆ ಚೆನ್ನಾಗಿ ಹಿಡಿದರೆ ಮಾರನೇ ದಿನವೇ ವಾಕರ್ ಹಿಡಿದು ನಿಲ್ಲಿಸುತ್ತಾರೆ.

ಹಾಗಾಗಿ ಸರ್ಜನ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಯಶಸ್ಸಿನ ಪ್ರಮಾಣದ್ದಲ್ಲ. "ಮಾರನೇ ದಿನ ಪೂರ್ತಿ ಭಾರ ಬಿಟ್ಟು ನಿಲ್ಲಬಹುದಾ?" ಎರಡೂ ದಾರಿಗೂ ಇದನ್ನೇ ಕೇಳಿ. ಕೆಲವು ಸರ್ಜನ್‌ಗಳು ಪ್ಲೇಟ್ ಹಾಕಿಯೂ "ಬಿಡಬಹುದು" ಅನ್ನುತ್ತಾರೆ. ಹಾಗಿದ್ದರೆ ತಕ್ಕಡಿ ಪೂರ್ತಿ ಪ್ಲೇಟಿನ ಕಡೆ ವಾಲುತ್ತದೆ. ನಮ್ಮ ಡಾಕ್ಟರು ಪ್ಲೇಟಿಗೆ "ಇಲ್ಲ" ಅಂದರು. ಎಕೋದಲ್ಲಿ ಹೃದಯ ಪರವಾಗಿಲ್ಲ ಅಂತ ಬಂತು. ಉದ್ದ ಕಡ್ಡಿಗೆ ಒಪ್ಪಿದೆವು.

ಇನ್ನು ಆಪರೇಷನ್ನೇ ಬೇಡ ಅನ್ನುವ ದಾರಿ. ಮುಂಚೆಯೇ ಹಾಸಿಗೆ ಹಿಡಿದವರಿಗೆ, ಕೊನೆಯ ದಿನಗಳಲ್ಲಿ ಇರುವವರಿಗೆ ಅದು ಸರಿಯಾದ ದಾರಿ. ಆಗ ಮುರಿತ ಕೂಡಲಿ ಅಂತ ಕಾಯುವ ಮಾತಿಲ್ಲ. ನೋವು ಇಳಿಸುವುದು, ಮಗ್ಗಲು ಬದಲಿಸುವಾಗ ಚೀರದ ಹಾಗೆ ನೋಡಿಕೊಳ್ಳುವುದು, ಅದಕ್ಕೆ ನೋವಿನ ನರವನ್ನು ಮರಗಟ್ಟಿಸುವ ಇಂಜೆಕ್ಷನ್ನೂ ಸೇರಿ. ಆದರೆ ನಿನ್ನೆವರೆಗೆ ಓಡಾಡುತ್ತಿದ್ದವರನ್ನು ತೂಕ ಕಟ್ಟಿ ವಾರಗಟ್ಟಲೆ ಮಲಗಿಸಿದರೆ ಬೆನ್ನು ಹುಣ್ಣು, ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಬರುತ್ತವೆ. ಹೊರಗಿನ ಕಟ್ಟು ತೊಡೆಯೊಳಗೆ ಅಲುಗಾಡುವ ಕಡ್ಡಿಯನ್ನು ಹಿಡಿಯಲಾರದು. ಪುತ್ತೂರಿನ ವಿಳಾಸವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಕಾರಣ ಎರಡು: ಸುಮ್ನೆ ಸಡಿಲವಾಗಿದ್ದರೆ

ಇಲ್ಲಿ ಸಮಯ ಇದೆ. ಕೂತು ಎದ್ದಾಗ ಮೊದಲ ನಾಲ್ಕು ಹೆಜ್ಜೆ ನೋವು, ಆಮೇಲೆ ಕಡಿಮೆ. ಇದು ಸಡಿಲಾದ ಕೀಲಿನ ಗುರುತು. ಬಟ್ಟಲು ಸಡಿಲಾದರೆ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ಕಡ್ಡಿಯಾದರೆ ತೊಡೆಯ ಮಧ್ಯದಲ್ಲಿ. ಬೆನ್ನುಮೂಳೆಯ ನೋವೂ ಇದೇ ಜಾಗಕ್ಕೆ ಇಳಿಯುತ್ತದೆ, ಅದನ್ನು ಮೊದಲು ತಳ್ಳಿಹಾಕಿಸಿಕೊಳ್ಳಿ.

ಅಜ್ಜಿಗೆ ವಾಕರ್ ಹಿಡಿದು ಮನೆಯೊಳಗೆ ಓಡಾಡಲು ಆಗುತ್ತಿದೆ, ರಾತ್ರಿ ನಿದ್ದೆ ಬರುತ್ತಿದೆ ಅಂದರೆ ನನ್ನ ಮತ ಕಾಯುವುದಕ್ಕೆ. ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಎಷ್ಟೋ ಮಂದಿ ನೋವಿರುವ ಕಡೆಗೇ ಹಿಡಿಯುತ್ತಾರೆ. ಕಾಲು ಗಿಡ್ಡ ಆಗಿದ್ದರೆ ಚಪ್ಪಲಿಗೆ ಅಟ್ಟೆ. ನೋವಿಗೆ ಪ್ಯಾರಾಸಿಟಮಾಲ್, ಡಾಕ್ಟರು ಹೇಳಿದ ಲೆಕ್ಕದಲ್ಲಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫಿನಾಕ್ ಮಾತ್ರ ಬೇಡ, ಈ ವಯಸ್ಸಿನ ಕಿಡ್ನಿ ಹೊಟ್ಟೆ ಎರಡಕ್ಕೂ ಅದು ಆಗುವುದಿಲ್ಲ.

ಕಾಯುವುದು ಅಂದರೆ ಮರೆಯುವುದಲ್ಲ. ಸವೆದ ಪ್ಲಾಸ್ಟಿಕ್ಕಿನ ಕಣಗಳಿಗೆ ದೇಹ ತಿರುಗಿಬಿದ್ದು, ಸುತ್ತಲಿನ ಮೂಳೆಯೇ ಕರಗುತ್ತಾ ಹೋಗಬಹುದು. ಆರು ತಿಂಗಳಿಗೋ ವರ್ಷಕ್ಕೋ ಒಂದು ಎಕ್ಸ್‌ರೇ ಬೇಕು. ಮೂಳೆ ವೇಗವಾಗಿ ತೆಳ್ಳಗಾಗುತ್ತಿದ್ದರೆ ಮುರಿಯುವ ಮೊದಲು ಆಪರೇಷನ್ ಮಾಡಿಸುವುದು ವಾಸಿ. ತಯಾರಿ ಮಾಡಿಕೊಂಡು ಹೋಗುವ ಆಪರೇಷನ್ನಿಗೂ, ಬಿದ್ದು ರಾತ್ರಿ ಆಂಬ್ಯುಲೆನ್ಸಿನಲ್ಲಿ ಹೋಗುವ ಆಪರೇಷನ್ನಿಗೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಆಪರೇಷನ್ ಬೇಕೇ ಆದರೆ "ಪೂರ್ತಿ ಬದಲಾಯಿಸಲೇಬೇಕಾ?" ಅಂತ ಕೇಳಿ. ಕೆಟ್ಟಿರುವುದು ಬಟ್ಟಲು ಮಾತ್ರ ಆದರೆ ಬಟ್ಟಲು ಮಾತ್ರ. ಕಡ್ಡಿಯ ಸುತ್ತಲಿನ ಹಳೆಯ ಸಿಮೆಂಟ್ ಮೂಳೆಗೆ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಕೆತ್ತಿ ತೆಗೆಯಬೇಕಿಲ್ಲ. ಅದರೊಳಗೇ ಹೊಸ ಸಿಮೆಂಟ್ ಹಾಕಿ ಸಣ್ಣ ಕಡ್ಡಿ ಕೂರಿಸುವ ಪದ್ಧತಿ ಇದೆ. ಸಿಮೆಂಟ್ ಕೆತ್ತುವಾಗಲೇ ಹಿರಿಯರ ತೆಳು ಮೂಳೆ ಒಡೆಯುವುದು. ಅದು ತಪ್ಪಿದರೆ ಅರ್ಧ ಗೆದ್ದ ಹಾಗೆ. ಇಪ್ಪತ್ತೈದು ವರ್ಷ ಬಾಳಿಕೆ ಬರುವ ಕೀಲು ಎಂಬತ್ತೆಂಟರವರಿಗೆ ಬೇಕಿಲ್ಲ.

ಕಾರಣ ಮೂರು: ಕೀವು ಆಗಿದ್ದರೆ

ಇದು ಎಲ್ಲಕ್ಕಿಂತ ಹಟಮಾರಿ. ಗಾಯದ ಜಾಗದಿಂದ ಕೀವು ಸೋರಬಹುದು. ಏನೂ ಸೋರದೆ ಬರೀ ನೋವಾಗಿಯೂ ಇರಬಹುದು. ಅದಕ್ಕೇ ಸಡಿಲ ಅಂತ ಹೇಳುವ ಮುಂಚೆ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ, ಸೂಜಿ ಹಾಕಿ ಕೀಲಿನ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ನೀರು ತೆಗೆಯುವ ಮುಂಚೆ ಪಕ್ಕದ ಕ್ಲಿನಿಕ್ಕಿನಲ್ಲಿ ಆಂಟಿಬಯೋಟಿಕ್ ಶುರು ಮಾಡಿಸಿಬಿಟ್ಟರೆ ಯಾವ ಕ್ರಿಮಿ ಅಂತ ಗೊತ್ತಾಗದೆ ಹೋಗಬಹುದು. ಜ್ವರ ಜೋರಾಗಿ, ಬಿಪಿ ಇಳಿಯುತ್ತಿದ್ದರೆ ಮಾತ್ರ ಕಾಯುವ ಹಾಗಿಲ್ಲ.

ಹೊಸ ಸೋಂಕು, ಅಂದರೆ ಶುರುವಾಗಿ ಎರಡು ಮೂರು ವಾರದೊಳಗಿನದು, ಕೀಲು ಗಟ್ಟಿ ಇದೆ ಅಂದರೆ ಒಳಗೆ ಚೆನ್ನಾಗಿ ತೊಳೆದು, ಬಿಚ್ಚಬಹುದಾದ ಗುಂಡು, ಪ್ಲಾಸ್ಟಿಕ್ ಬದಲಿಸಿ, ಕೀಲನ್ನು ಉಳಿಸಿಕೊಳ್ಳಬಹುದು. ಜೊತೆಗೆ ವಾರಗಟ್ಟಲೆ ಆಂಟಿಬಯೋಟಿಕ್. ತಡ ಮಾಡಿದಷ್ಟೂ ಈ ಬಾಗಿಲು ಮುಚ್ಚುತ್ತಾ ಹೋಗುತ್ತದೆ. ಕ್ರಿಮಿಗಳು ಲೋಹದ ಮೇಲೆ ಪಾಚಿಯ ಹಾಗೆ ಪದರ ಕಟ್ಟಿಕೊಳ್ಳುತ್ತವೆ, ಆಮೇಲೆ ಔಷಧಿ ಒಳಗೆ ಇಳಿಯುವುದಿಲ್ಲ.

ಹಳೆಯ ಸೋಂಕಿಗೆ ಕೀಲು ತೆಗೆಯಲೇಬೇಕು. ಒಂದೇ ಹಂತದಲ್ಲಿ ತೆಗೆದು ಹಾಕುವುದೋ, ಈಗ ತೆಗೆದು ಔಷಧಿ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಟ್ಟು ಎರಡು ಮೂರು ತಿಂಗಳ ಮೇಲೆ ಹೊಸದು ಹಾಕುವುದೋ? ಬಹಳ ಕಾಲ ಎರಡು ಹಂತವೇ ಭದ್ರ ಅಂತಿದ್ದರು. ಒಂದೇ ಹಂತದ ಪದ್ಧತಿಯನ್ನು ಜರ್ಮನಿಯ ಹ್ಯಾಂಬರ್ಗಿನಲ್ಲಿ 1970ರ ದಶಕದಿಂದಲೇ ಮಾಡಿಕೊಂಡು ಬಂದಿದ್ದಾರೆ. 2022ರಲ್ಲಿ ಪ್ರಕಟವಾದ ಬ್ರಿಟನ್, ಸ್ವೀಡನ್ ಅಧ್ಯಯನದಲ್ಲಿ ಎರಡನ್ನೂ ಹೋಲಿಸಿದರು. 18 ತಿಂಗಳ ಹೊತ್ತಿಗೆ ಎರಡೂ ಗುಂಪಿನವರ ನೋವು, ಓಡಾಟ ಹೆಚ್ಚುಕಡಿಮೆ ಒಂದೇ ಇತ್ತು. ಒಂದೇ ಹಂತದವರು ಬೇಗ ಚೇತರಿಸಿಕೊಂಡಿದ್ದರು. ಎಂಬತ್ತೈದು ದಾಟಿದವರಿಗೆ ಎರಡು ಸಲ ಅನಸ್ತೇಷಿಯಾ, ನಡುವೆ ಎರಡು ಮೂರು ತಿಂಗಳ ಕುಂಟಾಟ ಅನ್ನುವುದು ಚಿಕ್ಕ ಮಾತಲ್ಲ. ಎಷ್ಟೋ ಮಂದಿ ಎರಡನೇ ಹಂತಕ್ಕೆ ಹೋಗುವುದೇ ಇಲ್ಲ. ಕ್ರಿಮಿ ಯಾವುದು ಅಂತ ಗೊತ್ತಿದ್ದು, ಅದಕ್ಕೆ ಔಷಧಿ ನಾಟುತ್ತದೆ, ಚರ್ಮ ಮಾಂಸ ಚೆನ್ನಾಗಿದೆ ಅಂದರೆ ಒಂದೇ ಹಂತ ಮಾಡುವವರು ಯಾರಿದ್ದಾರೆ ಅಂತ ಹುಡುಕುವುದು ಲಾಭ.

ಇನ್ನೆರಡು ದಾರಿಗಳನ್ನು ಡಾಕ್ಟರು ತಾವಾಗಿ ಹೇಳದೆ ಇರಬಹುದು. ಒಂದು, ಕೀಲನ್ನು ಮುಟ್ಟದೆ ದಿನಕ್ಕೊಂದೆರಡು ಆಂಟಿಬಯೋಟಿಕ್ ಮಾತ್ರೆಯಲ್ಲಿ ಸೋಂಕನ್ನು ಅದುಮಿಡುವುದು, ಜೀವ ಇರುವವರೆಗೆ. ಸೋಂಕು ಹೋಗುವುದಿಲ್ಲ, ಆದರೆ ಎಷ್ಟೋ ಮಂದಿಗೆ ತಲೆ ಎತ್ತುವುದೂ ಇಲ್ಲ. ಸಣ್ಣಗೆ ಸೋರುವ ಜಾಗಕ್ಕೆ ಬಟ್ಟೆ ಕಟ್ಟಿಕೊಂಡು ವರ್ಷಗಟ್ಟಲೆ ಇರುವವರಿದ್ದಾರೆ. ಇನ್ನೊಂದು, ಕೀಲು ತೆಗೆದು ಏನೂ ಹಾಕದೆ ಬಿಡುವುದು. ಆಕ್ಸ್‌ಫರ್ಡ್‌ನ ಗರ್ಡಲ್‌ಸ್ಟೋನ್ ಹೆಸರಿನಲ್ಲಿ ಕರೆಯುತ್ತಾರೆ. ಕೃತಕ ಕೀಲುಗಳು ಬರುವ ಮುಂಚೆ ಕ್ಷಯ, ಕೀವಿಗೆ ಅವರು ಮಾಡುತ್ತಿದ್ದ ಆಪರೇಷನ್ ಇದು. ಕಾಲು ನಾಲ್ಕೈದು ಸೆಂಟಿಮೀಟರ್ ಗಿಡ್ಡ ಆಗುತ್ತದೆ, ವಾಕರ್ ಬಿಟ್ಟು ನಡೆಯಲು ಆಗುವುದು ಅಪರೂಪ. ಮಂಚದಿಂದ ಕುರ್ಚಿಗೆ ಅಷ್ಟೇ ಓಡಾಟ ಇರುವವರಿಗೆ, ಇನ್ನೊಂದು ಸೋಂಕು ತಡೆಯದವರಿಗೆ ಇದು ಸೋಲಲ್ಲ. ನೋವು ಇಳಿಯುತ್ತದೆ, ಆಸ್ಪತ್ರೆ ಓಡಾಟ ನಿಲ್ಲುತ್ತದೆ.

ಕಾರಣ ನಾಲ್ಕು: ಪದೇ ಪದೇ ಜಾರುತ್ತಿದ್ದರೆ

ಗುಂಡು ಬಟ್ಟಲಿನಿಂದ ಮೊದಲ ಸಲ ಜಾರಿದರೆ ಮಂಪರು ಬರಿಸಿ ಎಳೆದು ಕೂರಿಸುತ್ತಾರೆ. ಭಾರತೀಯ ಶೈಲಿಯ ಕಕ್ಕಸು, ಗಿಡ್ಡ ಮಣೆ, ಕಾಲ ಮೇಲೆ ಕಾಲು, ಇಷ್ಟು ಬಿಟ್ಟರೆ ಎಷ್ಟೋ ಮಂದಿಗೆ ಮತ್ತೆ ಜಾರುವುದಿಲ್ಲ. ಮರೆವಿನ ಕಾಯಿಲೆ ಇದ್ದವರಿಗೆ ಮಾತ್ರ ಈ ಕಟ್ಟುಪಾಡು ನಿಲ್ಲುವುದಿಲ್ಲ. ಮೂರನೇ ಸಲವೂ ಜಾರಿದರೆ ಡಬಲ್ ಮೊಬಿಲಿಟಿ ಬಟ್ಟಲಿನ ಬಗ್ಗೆ ಕೇಳಿ. ಸಣ್ಣ ಗುಂಡು ದೊಡ್ಡ ಪ್ಲಾಸ್ಟಿಕ್ ಗುಂಡಿನೊಳಗೆ, ಅದು ಲೋಹದ ಬಟ್ಟಲಿನೊಳಗೆ ತಿರುಗುತ್ತದೆ. ಫ್ರಾನ್ಸಿನಲ್ಲಿ ಜಿಲ್ ಬೂಸ್ಕೆ 1970ರ ದಶಕದಲ್ಲಿ ರೂಪಿಸಿದ್ದು. ಗುಂಡನ್ನು ಉಂಗುರದಿಂದ ಬಂಧಿಸಿಡುವ ಬಟ್ಟಲೂ ಇದೆ. ಅದರಲ್ಲಿ ಪ್ರತಿ ಜಗ್ಗಾಟವೂ ಬಟ್ಟಲಿನ ಬುಡಕ್ಕೆ ಹೋಗಿ ಅದೇ ಕಿತ್ತು ಬರುವ ಅಪಾಯ ಇರುವುದರಿಂದ ನನ್ನ ಒಲವು ಮೊದಲನೆಯದಕ್ಕೆ.

ಲೋಹದ ಮೇಲೆ ಲೋಹ ತಿರುಗುವ ಕೀಲಿನದು ಬೇರೆಯೇ ಕಥೆ. 2010ರ ಆಗಸ್ಟಿನಲ್ಲಿ ಡಿಪ್ಯೂ ಕಂಪನಿ ತನ್ನ ಎಎಸ್‌ಆರ್ ಕೀಲನ್ನು ಜಗತ್ತಿನಾದ್ಯಂತ ವಾಪಸ್ ಕರೆದಿತ್ತು. ಭಾರತದಲ್ಲೂ ಸಾವಿರಾರು ಜನಕ್ಕೆ ಅದು ಹಾಕಿದ್ದರು. ಅಂಥ ಕೀಲಿನವರಿಗೆ ನೋವಿಲ್ಲದಿದ್ದರೂ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಎಷ್ಟಿದೆ ಅಂತ ನೋಡಿಸಬೇಕು.

ಒಪ್ಪಿಗೆಗೆ ಸಹಿ ಹಾಕುವ ಮುಂಚೆ

"ಎಲ್ಲಾ ಚೆನ್ನಾಗಾದರೆ ಮೂರು ತಿಂಗಳಿಗೆ ಇವರ ಒಂದು ದಿನ ಹೇಗಿರುತ್ತದೆ? ಕೆಟ್ಟದಾದರೆ ಹೇಗಿರುತ್ತದೆ? ನಿಮಗೆ ಅನ್ನಿಸುವುದು ಯಾವುದು?" ಈ ಮೂರನ್ನೂ ಕೇಳಿ. ವರ್ಷಕ್ಕೆ ಇಂಥ ಮರು ಆಪರೇಷನ್ ಎಷ್ಟು ಮಾಡುತ್ತೀರಿ ಅಂತಲೂ ಕೇಳಿ, ಸಂಕೋಚ ಬೇಡ. ಮೊದಲ ಕೀಲು ಚೆನ್ನಾಗಿ ಹಾಕುವವರೆಲ್ಲ ಎರಡನೆಯದನ್ನೂ ಮಾಡುತ್ತಾರೆ ಅಂತಿಲ್ಲ. ರಕ್ತ ತೆಳ್ಳಗೆ ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಹೃದಯ ಕೆಟ್ಟಾಗ ಏನು ಮಾಡಬೇಕು, ವೆಂಟಿಲೇಟರ್ ಬೇಕೋ ಬೇಡವೋ ಅನ್ನುವುದನ್ನು ರೋಗಿಯನ್ನೇ ಕೇಳಿಟ್ಟುಕೊಳ್ಳಿ. ಈ ಮಾತು ಆಡುವುದಕ್ಕೆ ನಮ್ಮಲ್ಲಿ ಹಿಂಜರಿಕೆ. ಅತ್ತೆಗೆ ಇರಲಿಲ್ಲ. "ಪೈಪು ಗೀಪು ಹಾಕಿಸಿ ತಿಂಗಳುಗಟ್ಟಲೆ ಇಡಬೇಡಿ" ಅಂತ ಹೇಳಿ, ಎಲೆ ಅಡಿಕೆ ಕೇಳಿದರು.

ಖರ್ಚಿನ ವಿಷಯಕ್ಕೆ ಬಂದರೆ, ಇಂಪ್ಲಾಂಟಿನ ಬೆಲೆಯನ್ನು ಬೇರೆಯಾಗಿ ಬರೆದುಕೊಡಲು ಹೇಳಿ. 2017ರಲ್ಲಿ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿದ್ದು ಮೊಣಕಾಲಿನ ಇಂಪ್ಲಾಂಟಿಗೆ. "ಅದೇ ರೇಟು ಅಲ್ವಾ" ಅಂದುಕೊಂಡು ಹೋದ ನನಗೆ ಬಿಲ್ ಕೌಂಟರಿನಲ್ಲಿ ಜ್ಞಾನೋದಯ ಆಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮಾಡಿಸುವವರು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಮರು ಆಪರೇಷನ್ ಪ್ಯಾಕೇಜಿನಲ್ಲಿ ಇದೆಯಾ ಅಂತ ಬಿಡಿಸಿ ಕೇಳಬೇಕು.

ಆಪರೇಷನ್ ಆದ ಎರಡನೇ ರಾತ್ರಿ ಅತ್ತೆ ತವರಿಗೆ ಹೊರಟರು. ಸೀರೆ ಎಲ್ಲಿ, ಬಸ್ಸು ಹೊರಟುಹೋಗುತ್ತೆ ಅಂತ ಸೂಜಿ ಕೀಳಲು ನೋಡಿದರು. ನಾವು ಹೆದರಿಹೋದೆವು. ಹಿರಿಯರಲ್ಲಿ ಆಪರೇಷನ್ ನಂತರ ಹೀಗೆ ದಿಕ್ಕುತಪ್ಪುವುದು ತೀರಾ ಸಾಮಾನ್ಯ, ಹೆಚ್ಚಿನವರಿಗೆ ದಿನಗಳಲ್ಲಿ ಇಳಿಯುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಕನ್ನಡಕ, ಹಲ್ಲಿನ ಸೆಟ್, ಕಿವಿಯ ಮಿಷನ್ ಎಚ್ಚರ ಬಂದ ತಕ್ಷಣ ವಾಪಸ್ ಕೊಡಿ. ಗುರುತಿನ ಮುಖ ಒಂದು ಪಕ್ಕದಲ್ಲಿರಲಿ. ಮಲ ಕಟ್ಟದ ಹಾಗೆ, ನೀರು ಕುಡಿಯುವ ಹಾಗೆ ನೋಡಿಕೊಳ್ಳಿ. ಮೂತ್ರದ ಪೈಪನ್ನು ಯಾವಾಗ ತೆಗೆಯುತ್ತೀರಿ ಅಂತ ದಿನಾ ಕೇಳಿ.

ಈಗ ಹತ್ತು ತಿಂಗಳಾಯಿತು. ಅತ್ತೆ ವಾಕರ್ ಹಿಡಿದು ಬಚ್ಚಲಿಗೆ ಹೋಗುತ್ತಾರೆ, ಹೊಸಿಲನ್ನು ಒಡೆಸಿದ್ದೇವೆ. ತುಳಸಿ ಕಟ್ಟೆಯ ಮೂರು ಮೆಟ್ಟಿಲು ಇಳಿಯಲು ಆಗುವುದಿಲ್ಲ. ತುಳಸಿಯೇ ಕುಂಡದಲ್ಲಿ ಜಗಲಿಗೆ ಬಂದಿದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ, ಇವತ್ತೇ ಮಾಡಿ. ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಕಾಗದದಲ್ಲಿ ಅಥವಾ ಫೈಲಿನಲ್ಲಿ ಇಂಪ್ಲಾಂಟಿನ ಸ್ಟಿಕರ್‌ಗಳು ಅಂಟಿಸಿರುತ್ತವೆ. ಕಂಪನಿ, ಮಾದರಿ, ಗುಂಡಿನ ಅಳತೆ ಎಲ್ಲಾ ಅದರಲ್ಲಿ ಇರುತ್ತದೆ. ಅದು ಸಿಕ್ಕಿದರೆ ಸರಿಹೊಂದುವ ಗುಂಡು, ಬಟ್ಟಲು, ಹಳೆಯದನ್ನು ಕೀಳುವ ಸಲಕರಣೆ ಮೊದಲೇ ತರಿಸಿಡಬಹುದು. ಸಿಗದಿದ್ದರೆ ಎಲ್ಲವನ್ನೂ ಬದಲಾಯಿಸಬೇಕಾಗಿ ಬರಬಹುದು. ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ. ಅತ್ತೆಯದು ರಾತ್ರಿ ಹನ್ನೊಂದಕ್ಕೆ ಟ್ರಂಕಿನ ತಳದಲ್ಲಿ ಸಿಕ್ಕಿತು, ಹಳೆಯ ಗ್ಯಾಸ್ ಬುಕ್ಕಿನ ಒಳಗೆ.